ಇನ್ನೊಂದು ಪಕ್ಷದ ಮಾತು
(ಐಹೊಳೆಯಲ್ಲಿ ಜರಗಿದ ಕಾನೂನು ಅರಿವಿನ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಬರಹರೂಪ)



 

ಈ ಊರಿನ ಮೇಗುತಿ ಗುಡ್ಡದ ಮೇಲೆ ಕ್ರಿ.ಶ. 634ರ ಶಾಸನವೊಂದಿದೆ. ಅದನ್ನು ರಚಿಸಿದವನು ಜೈನಕವಿ ರವಿಕೀರ್ತಿ. ತನ್ನ ದೊರೆ ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದ ಬಗೆಯನ್ನೂ ಪಲ್ಲವರ ಅರಸನು ಕಂಚಿಯ ಕೋಟೆಗೋಡೆಯ ಹಿಂದೆ ಅಡಗಬೇಕಾದ ಬಗೆಯನ್ನೂ ಅವನು ಅದರಲ್ಲಿ ಹೇಳಿದ್ದಾನೆ. ಆದರೆ ಆ ಪಲ್ಲವರಿಗೂ ಒಂದು ಮಾತಿತ್ತು. ಅದನ್ನು ಓದಬೇಕಾದರೆ ಬಾದಾಮಿಗೆ ಹೋಗಬೇಕು. ಪುಲಕೇಶಿಯ ರಾಜಧಾನಿಯನ್ನೇ ಗೆದ್ದ ನರಸಿಂಹವರ್ಮನ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ಐಹೊಳೆಯ ಶಾಸನವನ್ನಷ್ಟೇ ಓದಿ ಎದ್ದವನಿಗೆ ಅರ್ಧ ಕಥೆಯಷ್ಟೇ ಗೊತ್ತಾಗುತ್ತದೆ.

ಪೊಲೀಸ್ ಠಾಣೆಯಲ್ಲಿ ದಾಖಲಾಗುವ ಪ್ರಥಮ ವರ್ತಮಾನ ವರದಿಯೂ, ಅಂದರೆ ಎಫ್‌ಐಆರ್ ಕೂಡ, ಇಂತಹದೇ ಒಂದು ಪಕ್ಷದ ಬರಹ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ, ಅದು ನಿಜವೂ ಆಗಿರಬಹುದು. ಆದರೆ ಇನ್ನೊಂದು ಪಕ್ಷದ ಮಾತು ನ್ಯಾಯಾಧೀಶರ ಕಿವಿಗೆ ಬೀಳುವವರೆಗೆ ಅದು ಆರೋಪವೇ ಹೊರತು ತೀರ್ಪಲ್ಲ. ಆ ಮಾತನ್ನು ನ್ಯಾಯಾಲಯದ ಭಾಷೆಯಲ್ಲಿ, ಕಾಲಮಿತಿಯೊಳಗೆ ಹೇಳಬಲ್ಲವನು ವಕೀಲ. ಆದುದರಿಂದಲೇ ಬಂಧಿತನಿಗೆ ತನ್ನ ಇಷ್ಟದ ವಕೀಲನನ್ನು ಇಟ್ಟುಕೊಳ್ಳುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಮೂಲಭೂತ ಹಕ್ಕುಗಳ ಸಾಲಿನಲ್ಲಿರಿಸಿದೆ.

"ಅಪರಾಧಿಗಳ ಪರ ವಾದಿಸುವುದು ಧರ್ಮವೇ?" ಎಂದು ಮಸೀದಿಯ ಅಂಗಳದಲ್ಲಿಯೇ ನನ್ನನ್ನು ಕೇಳಿದವರಿದ್ದಾರೆ. ವಂಚಕರ ಪರ ವಕಾಲತ್ತು ವಹಿಸಬಾರದೆಂದು ಪವಿತ್ರ ಕುರ್‌ಆನ್ ಹೇಳಿಲ್ಲವೇ ಎಂಬುದು ಅವರ ಆಧಾರ. ಹೇಳಿದೆ, ಅನ್ನಿಸಾ ಅಧ್ಯಾಯದ 105ನೇ ಸೂಕ್ತದಲ್ಲಿ. ಆದರೆ ಅದು ಅವತೀರ್ಣವಾದ ಸಂದರ್ಭವೇನು? ವ್ಯಾಖ್ಯಾನಕಾರರು ವಿವರಿಸುವಂತೆ, ಮದೀನದ ಮುಸ್ಲಿಮ್ ಕುಟುಂಬವೊಂದರ ವ್ಯಕ್ತಿ ಯುದ್ಧಕವಚವೊಂದನ್ನು ಕದ್ದು, ಆ ಕಳವನ್ನು ಯಹೂದಿಯೊಬ್ಬನ ತಲೆಗೆ ಕಟ್ಟಿದನು. ನಮ್ಮವನೆಂಬ ಅಭಿಮಾನದಿಂದ ಅವನ ಕುಲದವರು ಪ್ರವಾದಿ(ಸ)ರ ಸನ್ನಿಧಿಯಲ್ಲಿ ಅವನ ಪರ ಮಾತಾಡಿದರು. ಆಗ ಅವತೀರ್ಣವಾದ ಸೂಕ್ತಗಳು ಆ ಯಹೂದಿಯನ್ನು ನಿರ್ದೋಷಿಯೆಂದು ಸಾರಿದುವು. ಅಂದರೆ, ಆರೋಪಿಗೆ ವಕೀಲ ಬೇಡವೆನ್ನಲು ನಾವು ಬಳಸುವ ಸೂಕ್ತವು ಸುಳ್ಳು ಆರೋಪಕ್ಕೆ ಗುರಿಯಾದ ಪರಧರ್ಮೀಯನೊಬ್ಬನ ರಕ್ಷಣೆಗಾಗಿ ಬಂದುದು! ವಂಚಕ ಯಾರೆಂಬುದು ವಿಚಾರಣೆಯ ಕೊನೆಗೆ ತಿಳಿಯುವ ಸಂಗತಿ, ಆರಂಭದಲ್ಲಲ್ಲ.

ಇನ್ನು ನಮ್ಮ ವಕೀಲ ಬಾಂಧವರ ವಿಷಯಕ್ಕೆ ಬರುತ್ತೇನೆ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳನ್ನು ಒಂದು ವೀಡಿಯೊದ ಕಾರಣದಿಂದ ರಾಜದ್ರೋಹದ ಆರೋಪದ ಮೇಲೆ ಬಂಧಿಸಲಾಯಿತು. ಅವರ ಪರ ಯಾರೂ ಹಾಜರಾಗಕೂಡದೆಂದು ಅಲ್ಲಿಯ ವಕೀಲರ ಸಂಘ ನಿರ್ಣಯ ಅಂಗೀಕರಿಸಿತು. ಬೆಂಗಳೂರಿನ ವಕೀಲರು ಹೈಕೋರ್ಟಿನ ಮೊರೆ ಹೊಕ್ಕು, ಪೊಲೀಸ್ ರಕ್ಷಣೆಯ ಆದೇಶ ಪಡೆದು ಧಾರವಾಡದ ನ್ಯಾಯಾಲಯಕ್ಕೆ ಬಂದರೆ ಅಲ್ಲಿಯೂ ಅವರಿಗೆ ಅಡ್ಡಿ ಎದುರಾಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠವು ಇದನ್ನು ಕಟುವಾಗಿ ಟೀಕಿಸಿತು. ಅದಕ್ಕೂ ಕೆಲವೇ ವಾರಗಳ ಹಿಂದೆ ಮೈಸೂರಿನಲ್ಲಿ ಒಂದು ಭಿತ್ತಿಫಲಕ ಹಿಡಿದ ಯುವತಿಯ ವಿಷಯದಲ್ಲಿಯೂ ಇಂತಹದೇ ನಿರ್ಣಯವಾಗಿತ್ತು. ಆದರೆ ಅಲ್ಲಿ ರಾಜ್ಯದ ಬೇರೆ ಬೇರೆ ಕಡೆಗಳಿಂದ ನೂರಕ್ಕೂ ಹೆಚ್ಚು ವಕೀಲರು ಆಕೆಯ ಪರ ವಕಾಲತ್ತಿಗೆ ಸಹಿ ಹಾಕಿದರು, ಆಕೆಗೆ ನಿರೀಕ್ಷಣಾ ಜಾಮೀನೂ ಸಿಕ್ಕಿತು. ಅವರಲ್ಲಿ ಮುಸ್ಲಿಮೇತರರೂ ಇದ್ದರೆಂಬುದನ್ನು ನಾವು ಮರೆಯಬಾರದು.

ಇಂತಹ ನಿರ್ಣಯಗಳಿಗೆ ಕಾನೂನಿನ ಬಲವೇನಾದರೂ ಇದೆಯೇ? ಖಂಡಿತ ಇಲ್ಲ. 2010ರ ಡಿಸೆಂಬರ್ 6ರಂದು ಎ.ಎಸ್. ಮುಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಇವೆಲ್ಲವೂ ಶೂನ್ಯ, ಅಸಿಂಧು ಎಂದು ತೀರ್ಪಿತ್ತಿದೆ. ಒಂದು ಸ್ವಾರಸ್ಯವೆಂದರೆ, ಅಲ್ಲಿ ಬಹಿಷ್ಕಾರಕ್ಕೊಳಗಾದವರು ಪೊಲೀಸರು! ಕೊಯಮತ್ತೂರಿನಲ್ಲಿ ವಕೀಲರಿಗೂ ಪೊಲೀಸರಿಗೂ ಜಗಳವಾಗಿ, ಪೊಲೀಸರ ಪರ ಯಾರೂ ವಾದಿಸಬಾರದೆಂದು ಸಂಘ ನಿರ್ಣಯಿಸಿತ್ತು. ಇಂದು ಲಾಠಿ ಹಿಡಿದವನಿಗೆ ನಾಳೆ ಕಟಕಟೆ ತಪ್ಪಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಕೆಂಪುಕೋಟೆಯಲ್ಲಿ ಶಾನವಾಜ್ ಖಾನ್, ಸೆಹಗಲ್, ಧಿಲ್ಲೋನರ ವಿಚಾರಣೆ ನಡೆದಾಗ ಭುಲಾಭಾಯಿ ದೇಸಾಯಿ ಅವರ ಪರ ನಿಂತರು. ಅಂದಿನ ಸರಕಾರದ ಕಣ್ಣಿಗೆ ಆ ಮೂವರೂ ರಾಜದ್ರೋಹಿಗಳೇ.

ಅನ್ಯರನ್ನು ದೂರುವ ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದಿಡಬೇಕು. ನಾನು ವೃತ್ತಿಗೆ ಹೊಸಬನಾಗಿದ್ದಾಗ ನಮ್ಮದೇ ಸಮುದಾಯದ ಯುವಕನೊಬ್ಬ ಕಳವಿನ ಆರೋಪದಲ್ಲಿ ಬಂಧಿತನಾದ. ಅವನ ತಾಯಿ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಳು. ಜಮಾಅತಿನ ಹಿರಿಯರೊಬ್ಬರು ಮಾತ್ರ, "ವಕೀಲ್ ಸಾಹೇಬ್ರೇ, ಇದರಲ್ಲಿ ಕೈ ಹಾಕಬೇಡಿ, ಊರಿನ ಮರ್ಯಾದೆಯ ಪ್ರಶ್ನೆ" ಎಂದರು. ನಾನು ಕೈ ಹಾಕಲಿಲ್ಲ. ಮುಂದೆ ಬೇರೊಬ್ಬರು ಅವನಿಗೆ ಜಾಮೀನು ಕೊಡಿಸಿದರು. ಆದರೆ ಹೊಲದ ಉತಾರ ಹಿಡಿದು ಜಾಮೀನುದಾರನಾಗಿ ನಿಲ್ಲಲು ಊರಿನಲ್ಲಿ ಒಬ್ಬನೂ ಮುಂದಾಗದ ಕಾರಣ, ಜಾಮೀನಿನ ಆದೇಶವಾದ ಮೇಲೂ ಅವನು ನಾಲ್ಕು ತಿಂಗಳು ಜೈಲಿನಲ್ಲಿದ್ದ. ಕೊನೆಗೆ ಖುಲಾಸೆಯಾಯಿತು. ಆ ತಾಯಿ ಇಂದಿಗೂ ಎದುರಾದರೆ ಸಲಾಮ್ ಹೇಳುತ್ತಾಳೆ, ನಾನೇ ಕಣ್ಣು ತಪ್ಪಿಸುತ್ತೇನೆ. ನಮ್ಮ ಮೇಲಿನ ಅನ್ಯಾಯದ ಬಗ್ಗೆ ವೇದಿಕೆಗಳಲ್ಲಿ ಗುಡುಗುವ ನಾವು, ಒಂದು ಉತಾರ ಕೊಡಲು ಹಿಂಜರಿಯುವುದೇಕೆ? ಭಯದಿಂದಲೋ, ಅಥವಾ ಆರೋಪ ಬಂದೊಡನೆ ನಾವೂ ಒಳಗೊಳಗೇ ತೀರ್ಪು ಕೊಟ್ಟುಬಿಟ್ಟಿರುತ್ತೇವೆಯೋ?

ಈಗ ಕೆಲಸಕ್ಕೆ ಬರುವ ಮಾತು. ನಿಮ್ಮ ಮನೆಯವನನ್ನು ಠಾಣೆಗೆ ಒಯ್ದರೆಂದುಕೊಳ್ಳಿ. ಬಂಧನದ ಕಾರಣವನ್ನು ತಿಳಿಸುವುದು ಪೊಲೀಸರ ಕರ್ತವ್ಯ. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ವಿಚಾರಣೆಯ ನಡುವೆ ವಕೀಲನನ್ನು ಭೇಟಿಯಾಗುವ ಹಕ್ಕು ಅವನಿಗಿದೆ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಅವನು ಸಹಿ ಹಾಕಬೇಕಾಗಿಲ್ಲ, ಖಾಲಿ ಕಾಗದಕ್ಕಂತೂ ಯಾರೂ ಹಾಕಕೂಡದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾದರೂ ಈ ಹಕ್ಕುಗಳು ಹೋಗಿಲ್ಲ.

ಠಾಣೆಯ ಹೊರಗಿನ ಚಹಾದಂಗಡಿಯಲ್ಲಿ "ಸಾಹೇಬರು ನನಗೆ ಗೊತ್ತು" ಎನ್ನುವವನೊಬ್ಬ ಸಿಕ್ಕೇ ಸಿಗುತ್ತಾನೆ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಅವನ ಕೈಗಿತ್ತು, ಮೂರನೆಯ ತಾರೀಖಿಗೆ ಅಳುತ್ತಾ ನಮ್ಮಲ್ಲಿಗೆ ಬಂದ ತಂದೆಯರನ್ನು ನಾನು ಕಂಡಿದ್ದೇನೆ. ನೇರವಾಗಿ ಹುನಗುಂದದ ನ್ಯಾಯಾಲಯಕ್ಕೆ ಹೋಗಿರಿ. ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವವನಿಗೆ, ಯಾವುದೇ ಮಹಿಳೆಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲನು ದೊರೆಯುತ್ತಾನೆ. 15100 ಎಂಬ ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಪುಕ್ಕಟೆ ವಕೀಲ ಕೆಲಸ ಮಾಡುವುದಿಲ್ಲವೆಂಬ ಮಾತು ಕೆಲವೆಡೆ ನಿಜ, ಆದರೆ ವಕೀಲನೇ ಇಲ್ಲದೆ ಕಟಕಟೆಯಲ್ಲಿ ನಿಲ್ಲುವುದಕ್ಕಿಂತ ಅದು ಸಾವಿರ ಪಾಲು ಲೇಸು.

ಹಣ ಕೊಟ್ಟು ವಕೀಲನನ್ನು ನೇಮಿಸುವವರು ಅವನ ಹೆಸರಿನಲ್ಲಿ ಧರ್ಮವನ್ನೋ ಜಾತಿಯನ್ನೋ ಹುಡುಕಬೇಡಿ. ಫೌಜುದಾರಿ ಪ್ರಕರಣಗಳನ್ನು ನಿತ್ಯ ನಡೆಸುವವನೇ? ತಾರೀಖಿಗೆ ಸರಿಯಾಗಿ ಬರುವವನೇ? ಫೀಸು ಎಷ್ಟು, ಅದು ಜಾಮೀನಿಗೆ ಮಾತ್ರವೋ ಪೂರ್ತಿ ಪ್ರಕರಣಕ್ಕೋ? ಇಷ್ಟನ್ನು ಕೇಳಿರಿ. ಅನಂತರ ಅವನಿಗೆ ನಿಜವನ್ನೇ ಹೇಳಿರಿ. ಹೆಂಡತಿಗೆ ಹೇಳದ್ದನ್ನೂ ವಕೀಲನಿಗೆ ಹೇಳಬೇಕಾಗುತ್ತದೆ.

ಒಂದು ದಿನಾಂಕವನ್ನಂತೂ ಮನೆಯ ಗೋಡೆಯ ಮೇಲೆ ಬರೆದಿಡಿ. ರಿಮ್ಯಾಂಡಾದ ದಿನದಿಂದ 60 ದಿನಗಳಲ್ಲಿ, ಹತ್ತು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಆರೋಪವಾದರೆ 90 ದಿನಗಳಲ್ಲಿ, ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಬಂಧಿತನ ಹಕ್ಕು. ಯುಎಪಿಎಯಂತಹ ವಿಶೇಷ ಕಾಯ್ದೆಗಳಲ್ಲಿ ಈ ಗಡುವನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಆದರೆ ಈ ಹಕ್ಕನ್ನು ಕೇಳಿ ಪಡೆಯಬೇಕು, ಅದೂ ಪಟ್ಟಿ ಸಲ್ಲಿಕೆಯಾಗುವ ಮೊದಲೇ. ಹುಬ್ಬಳ್ಳಿಯ ಆ ಮೂವರು ವಿದ್ಯಾರ್ಥಿಗಳು 2020ರ ಜೂನ್‌ನಲ್ಲಿ ಹೊರಬಂದುದು ಈ ದಾರಿಯಿಂದಲೇ. ವಕೀಲನೇ ಇಲ್ಲದಿದ್ದರೆ ಆ ದಿನ ಅರ್ಜಿ ಕೊಡುತ್ತಿದ್ದವರು ಯಾರು? 2008ರಲ್ಲಿ ಅದೇ ಹುಬ್ಬಳ್ಳಿಯ ಸಿಮಿ ಪ್ರಕರಣದಲ್ಲಿ ಬಂಧಿತರಾದವರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. 2015ರ ಏಪ್ರಿಲ್ 30ರಂದು 17 ಮಂದಿ ಖುಲಾಸೆಯಾದರು. ಅವರ ಬಂಧನವನ್ನು ಮುಖಪುಟದಲ್ಲಿ ಸಾರಿದ ಪತ್ರಿಕೆಗಳು ಖುಲಾಸೆಯನ್ನು ಯಾವ ಪುಟದಲ್ಲಿ ಹಾಕಿದುವೆಂದು ನಾನು ಹೇಳಬೇಕಾಗಿಲ್ಲ. ಅವರ ಪರ ವಾದಿಸಲು ವಕೀಲರು ನಿಂತುದರಿಂದ ಆ ದಿನವಾದರೂ ಬಂತು.

ಇದೆಲ್ಲ ಹುಬ್ಬಳ್ಳಿಯ ಮಾತು, ನಮಗೇನು ಎನ್ನಬೇಡಿ. ಐಹೊಳೆಯಲ್ಲಿ ಆರೋಪಿಯಾಗಲು ಘೋಷಣೆ ಕೂಗಬೇಕಾಗಿಲ್ಲ, ಗೋಡೆ ಕಟ್ಟಿದರೂ ಸಾಕು! ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆಯ 200 ಮೀಟರಿನಲ್ಲಿ ಅನುಮತಿ ಅಗತ್ಯ. 2010ರ ತಿದ್ದುಪಡಿಯಂತೆ ನಿಷಿದ್ಧ ಪ್ರದೇಶದಲ್ಲಿ ಕಟ್ಟಿದವನಿಗೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುಡಿಗಳ ನಡುವೆಯೇ ಮನೆಗಳಿರುವ ಈ ಊರಿನಲ್ಲಿ ಹಿಂದೂ ಮುಸ್ಲಿಮರೆನ್ನದೆ ಎಲ್ಲರ ಮಾಡೂ ಮಳೆಗಾಲದಲ್ಲಿ ಸೋರುತ್ತದೆ. ಇಲ್ಲಿಯ ಗುಡಿಯೊಂದರಲ್ಲಿ ಲಾಡಖಾನ್ ಎಂಬವನು ವಾಸವಿದ್ದನೆಂದೂ ಅದರಿಂದಲೇ ಅದಕ್ಕೆ ಆ ಹೆಸರು ಬಂತೆಂದೂ ಹೇಳುತ್ತಾರೆ. ಅವನು ಈಗ ಇದ್ದಿದ್ದರೆ ಮೊದಲ ವಕಾಲತ್ತು ಅವನದೇ ಆಗಿರುತ್ತಿತ್ತು.

ನೋಟೀಸು, ಸಮನ್ಸು ಬಂದವರು ಸಭೆಯಲ್ಲಿದ್ದೀರೆಂದು ತಿಳಿದಿದೆ. ಸಮನ್ಸನ್ನು ಕಪಾಟಿನಲ್ಲಿ ಮಡಚಿಟ್ಟರೆ ಅದರ ಬೆನ್ನಿಗೇ ವಾರಂಟು ಬರುತ್ತದೆ. ಕಾಗದ ತಂದವರು ಮಗ್ರಿಬ್ ನಮಾಝಿನ ನಂತರ ಇಲ್ಲಿಯೇ ಉಳಿಯಿರಿ. ತಂದಿಲ್ಲದವರು ಮನೆಗೆ ಹೋಗಿ ತನ್ನಿರಿ. ನನಗೆ ಹುನಗುಂದದ ಕೊನೆಯ ಬಸ್ಸಿನವರೆಗೆ ಸಮಯವಿದೆ.