ಗಾಂಜಾ, ಮದ್ಯ, ತಂಬಾಕು: ಕಾನೂನಿನ ಮಾತು ಮತ್ತು ದೇಹದ ಮಾತು

(ಗ್ರಾಮೀಣ ದಂಪತಿಗಳ ಕುಟುಂಬ ಕಲ್ಯಾಣ ಶಿಬಿರದಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆಯ ವಿಚಾರವೇ ನಿಮ್ಮ ನೆನಪಿಗೆ ಬರುವುದು ಸಹಜ. ಆದರೆ ಹುಟ್ಟಿದ ಮಗು ತೂಕವುಳ್ಳದ್ದಾಗಿರುವುದು, ತಾಯಿಯ ಮೈಯಲ್ಲಿ ರಕ್ತವಿರುವುದು, ದುಡಿದ ಕೂಲಿ ಮನೆಯನ್ನು ಮುಟ್ಟುವುದು, ಇವೆಲ್ಲವೂ ಕುಟುಂಬ ಕಲ್ಯಾಣವೇ. ಈ ಮೂರಕ್ಕೂ ಅಡ್ಡಬರುವ ಮಾದಕ ಪದಾರ್ಥಗಳ ವಿಷಯವಾಗಿ ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಲ್ಲಿ ಎರಡು ಬಗೆಯ ವಾದಗಳು ನಮ್ಮ ಕಿವಿಗೆ ಬೀಳುತ್ತವೆ. ಹಿರಿಯರು ಹೇಳುವುದು ಹೀಗೆ: "ಮದ್ಯದ ಅಂಗಡಿಗೆ ಸರ್ಕಾರವೇ ಪರವಾನಗಿ ಕೊಟ್ಟಿದೆ, ಬೀಡಿ ಎಲ್ಲ ಗೂಡಂಗಡಿಗಳಲ್ಲಿಯೂ ಸಿಗುತ್ತದೆ. ಅಂದಮೇಲೆ ಅದರಲ್ಲಿ ಅಂಥ ದೋಷವೇನಿದೆ?" ತರುಣರು ಹೇಳುವುದು ಬೇರೆ: "ಕುಡಿತಕ್ಕಿಂತ ಗಾಂಜಾ ಮೇಲು. ಅದು ಭೂಮಿಯಲ್ಲಿ ಬೆಳೆಯುವ ಗಿಡ, ಸಾಧುಗಳೂ ಸೇದುತ್ತಾರೆ." ಈ ಎರಡು ವಾದಗಳೂ ಕಾನೂನಿನ ಮಾತನ್ನು ದೇಹದ ಮಾತಿನೊಡನೆ ಬೆರೆಸಿಬಿಡುತ್ತವೆ. ಇವೆರಡನ್ನೂ ಬೇರೆಬೇರೆಯಾಗಿ ತಿಳಿದುಕೊಳ್ಳುವುದು ಪ್ರತಿಯೊಂದು ಕುಟುಂಬಕ್ಕೂ ಅಗತ್ಯ.

ಕಾನೂನು ಹೇಳುವುದೇನು?

ಗಾಂಜಾಕ್ಕೆ ಸಂಬಂಧಿಸಿದ ಕೇಂದ್ರ ಕಾನೂನು ೧೯೮೫ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಅಧಿನಿಯಮ. ಇದರ ಪ್ರಕಾರ ಗಿಡದ ಹೂವು ಅಥವಾ ಕಾಯಿ ಕಟ್ಟಿದ ತುದಿಯೇ ಗಾಂಜಾ. ಒಂದು ಕಿಲೋಗಿಂತ ಕಡಿಮೆ ಗಾಂಜಾ ಕೈಯಲ್ಲಿ ಸಿಕ್ಕರೆ ಒಂದು ವರ್ಷದ ವರೆಗೆ ಕಠಿಣ ಸಜೆ ಅಥವಾ ೧೦,೦೦೦ ರೂಪಾಯಿ ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅದಕ್ಕಿಂತ ಹೆಚ್ಚು ಸಿಕ್ಕರೆ ಸಜೆ ಹತ್ತು ವರ್ಷಗಳ ವರೆಗೆ ಏರುತ್ತದೆ. ೨೦ ಕಿಲೋಗೂ ಮಿಕ್ಕಿದ್ದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಇಪ್ಪತ್ತು ವರ್ಷಗಳ ವರೆಗೆ ಸೆರೆವಾಸ ಒದಗಬಹುದು.

ರೈತ ಬಾಂಧವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ತೊಗರಿ, ಹತ್ತಿ, ಮೆಕ್ಕೆಜೋಳದ ಸಾಲುಗಳ ನಡುವೆ ಮರೆಯಾಗಿ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷಗಳ ವರೆಗೆ ಕಠಿಣ ಸಜೆಯನ್ನೂ ಒಂದು ಲಕ್ಷ ರೂಪಾಯಿ ವರೆಗೆ ದಂಡವನ್ನೂ ವಿಧಿಸಬಹುದು. ತನ್ನ ಹೊಲದಲ್ಲಿ ಮತ್ತೊಬ್ಬರು ಬೆಳೆಸಿದ್ದು ತಿಳಿದಿದ್ದೂ ಅಧಿಕಾರಿಗಳಿಗೆ ತಿಳಿಸದ ಭೂಮಾಲೀಕನೂ ಶಿಕ್ಷೆಗೆ ಗುರಿಯಾಗುತ್ತಾನೆ. ಮಳೆ ಕೈಕೊಟ್ಟ ವರ್ಷದಲ್ಲಿ "ಬೀಜ ನಾನು ಕೊಡುತ್ತೇನೆ, ಬೆಳೆಯನ್ನೂ ನಾನೇ ಕೊಳ್ಳುತ್ತೇನೆ" ಎಂದು ಬರುವವನ ಮಾತಿಗೆ ಮರುಳಾಗಬೇಡಿರಿ. ಕೊಳ್ಳುವವನು ಊರಿಗೆ ಹೊರಗಿನವನು. ಗಿಡ ಸಿಕ್ಕಾಗ ಮೊದಲು ವಿಚಾರಣೆಗೆ ಒಳಗಾಗುವವನು ಹೊಲದೊಡೆಯ.

ಈ ಗಿಡದ ಬರಿಯ ಎಲೆ, ಅಂದರೆ ಭಂಗಿ, ಕೇಂದ್ರ ಕಾನೂನಿನ ಗಾಂಜಾ ಎಂಬ ಅರ್ಥದೊಳಗೆ ಬರುವುದಿಲ್ಲ. ೨೦೨೨ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಜಾಮೀನಿನ ಪ್ರಕರಣವೊಂದರಲ್ಲಿ ಈ ಅಂಶವನ್ನು ಗಮನಿಸಿತು. ಇದನ್ನು ಕೇಳಿ ಯಾರೂ ಧೈರ್ಯ ತಂದುಕೊಳ್ಳಬಾರದು. ಎಲೆಯೊಡನೆ ಹೂವಿನ ತುದಿ ಸೇರಿದ್ದರೆ ಅದು ಗಾಂಜಾವೇ ಆಗುತ್ತದೆ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯನ್ನು ೨೦೨೦ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಶರಣರ, ಅವಧೂತರ ಹೆಸರಿನಲ್ಲಿ ಬಂದ ರೂಢಿ ಎಷ್ಟೇ ಹಳೆಯದಾದರೂ ಈ ಕಾನೂನಿನಲ್ಲಿ ಅದಕ್ಕೆ ವಿನಾಯಿತಿ ಇಲ್ಲ.

ಮದ್ಯ, ತಂಬಾಕುಗಳಿಗೆ ಅನುಮತಿ ಏಕೆ?

ಗಾಂಜಾ ಮೊದಲಿನಿಂದಲೂ ನಿಷಿದ್ಧವಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಅದು ಪರವಾನಗಿ ಪಡೆದ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ೧೮೯೩–೯೪ರ ಆಯೋಗವು ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕೆಂದು ಅಭಿಪ್ರಾಯಪಟ್ಟಿತ್ತು. ೧೯೬೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿದ ತರುವಾಯ, ೧೯೮೫ರಲ್ಲಿ ಇಂದಿನ ಕಾನೂನು ಬಂದಿತು. ಮದ್ಯ, ತಂಬಾಕುಗಳು ಆ ಒಪ್ಪಂದದ ಪಟ್ಟಿಯಲ್ಲಿ ಇರಲಿಲ್ಲ. ಅವು ಕಡಿಮೆ ಕೆಡುಕಿನವೆಂದು ಅಳೆದು ತೂಗಿ ಹೊರಗಿಟ್ಟುದಲ್ಲ. ಅವುಗಳ ಬಳಕೆ ಜಗತ್ತಿನಲ್ಲೆಲ್ಲ ಬೇರುಬಿಟ್ಟಿತ್ತು, ಸರ್ಕಾರಗಳ ವರಮಾನವೂ ಅವುಗಳಿಗೆ ಹೆಣೆದುಕೊಂಡಿತ್ತು.

ಹಾಗೆಂದು ಕಾನೂನು ಇವುಗಳನ್ನು ಒಳ್ಳೆಯವೆಂದು ಎಲ್ಲಿಯೂ ಹೇಳಿಲ್ಲ. ನಮ್ಮ ಸಂವಿಧಾನದ ೪೭ನೆಯ ಅನುಚ್ಛೇದವು ಔಷಧಿಗಲ್ಲದ ಮಾದಕ ಪಾನೀಯಗಳನ್ನು ನಿಷೇಧಿಸಲು ಸರ್ಕಾರ ಯತ್ನಿಸಬೇಕೆಂದು ಹೇಳುತ್ತದೆ. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿಯ ಮಾರಾಟ ನಿಂತಿತು. ೨೦೧೩ರಲ್ಲಿ ಗುಟ್ಕಾ ನಿಷೇಧವಾಯಿತು. ತಂಬಾಕಿನ ಪೊಟ್ಟಣದ ಮೇಲೆ ರೋಗದ ಚಿತ್ರವನ್ನು ಅಚ್ಚು ಮಾಡುವುದು ಕಡ್ಡಾಯವಾಗಿದೆ. ಆದುದರಿಂದ ಪರವಾನಗಿ ಎಂಬುದು ಮಾರುವವನಿಗೆ ಕೊಟ್ಟ ಅನುಮತಿಯೇ ವಿನಾ ಕುಡಿಯುವವನಿಗೆ ಕೊಟ್ಟ ಆರೋಗ್ಯದ ಪ್ರಮಾಣಪತ್ರವಲ್ಲ.

ದೇಹ ಹೇಳುವುದೇನು?

ಕೇಂದ್ರ ಸರ್ಕಾರ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದ ೧೦ರಿಂದ ೭೫ ವರ್ಷದವರಲ್ಲಿ ಶೇಕಡ ೧೪.೬ ಮಂದಿ ಮದ್ಯವನ್ನೂ, ಶೇಕಡ ೨.೮ ಮಂದಿ ಗಾಂಜಾ, ಭಂಗಿಗಳನ್ನೂ ಬಳಸುತ್ತಿದ್ದರು. ೨೦೧೬–೧೭ರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ಶೇಕಡ ೨೨.೮ ಮಂದಿ ತಂಬಾಕು ಬಳಸುವವರಾಗಿದ್ದರು. ಎಂದರೆ ಕಾನೂನು ತಡೆಯದ ಪದಾರ್ಥಗಳೇ ಹೆಚ್ಚು ಮನೆಗಳನ್ನು ಹೊಕ್ಕಿವೆ.

ತಂಬಾಕು: ಬೀಡಿಯಿಂದ ಶ್ವಾಸಕೋಶ ಮತ್ತು ಹೃದಯದ ರೋಗಗಳು, ಎಲೆಯಡಿಕೆಯೊಡನೆ ಅಗಿಯುವ ತಂಬಾಕು, ಕಡ್ಡಿಪುಡಿಗಳಿಂದ ಬಾಯಿಯ ಹುಣ್ಣು ಮತ್ತು ಕ್ಯಾನ್ಸರ್ ಬರುತ್ತವೆ. ಹೊಗೆಯಿಲ್ಲವೆಂದು ನಸ್ಯವನ್ನು ಹಲ್ಲಿಗೆ ಉಜ್ಜಿಕೊಳ್ಳುವ ತಾಯಂದಿರೂ ಅಪಾಯದಿಂದ ಪಾರಾಗುವುದಿಲ್ಲ. ಗರ್ಭಿಣಿಯು ತಂಬಾಕು ಬಳಸಿದರೆ ಅಥವಾ ಗಂಡನ ಬೀಡಿಯ ಹೊಗೆಯನ್ನು ದಿನವೂ ಕುಡಿದರೆ ಮಗು ಕಡಿಮೆ ತೂಕದ್ದಾಗಿ ಹುಟ್ಟುವ ಸಂಭವ ಹೆಚ್ಚು.

ಮದ್ಯ: ಯಕೃತ್ತು ಕೆಡುತ್ತದೆ, ಅಪಘಾತಗಳು ಹೆಚ್ಚುತ್ತವೆ, ಮನೆಯಲ್ಲಿ ಹೊಡೆತ ಬಡಿತಗಳು ಮೊದಲಾಗುತ್ತವೆ. ಗರ್ಭಿಣಿ ಕುಡಿದರೆ ಶಿಶುವಿನ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ಗಾಂಜಾ: ಮಿತಿಮೀರಿದ ಮದ್ಯದಂತೆ ಒಮ್ಮೆಗೇ ವಿಷವೇರಿ ಪ್ರಾಣ ತೆಗೆಯುವುದು ಬಹು ವಿರಳವೆಂಬುದು ನಿಜ. ಆದರೆ ಹದಿಹರೆಯದಲ್ಲಿ ಆರಂಭಿಸಿದವರಿಗೆ ನೆನಪಿನ ಶಕ್ತಿ ಕುಂದುತ್ತದೆ, ಓದು ಹಿಂದೆ ಬೀಳುತ್ತದೆ. ಕೆಲವರಿಗೆ ಇಲ್ಲದ ಧ್ವನಿ ಕೇಳಿಸುವ, ಎಲ್ಲರ ಮೇಲೆ ಸಂಶಯಪಡುವ ಮಾನಸಿಕ ರೋಗ ತಲೆದೋರುತ್ತದೆ. ಇದನ್ನು ಗಾಳಿ, ದೆವ್ವವೆಂದು ತಿಳಿದು ತಿಂಗಳುಗಟ್ಟಲೆ ಅಲೆಯುವ ಕುಟುಂಬಗಳುಂಟು. ಪುರುಷರ ವೀರ್ಯಾಣುಗಳೂ ಇದರಿಂದ ಕಡಿಮೆಯಾಗಬಹುದು.

ಚಹಾವೂ ಒಂದು ಉತ್ತೇಜಕವೇ. ಮಿತವಾಗಿ ಕುಡಿದರೆ ಅದರಿಂದ ಭಯವಿಲ್ಲ. ಆದರೆ ಊಟದ ಬೆನ್ನಿಗೇ ಕುಡಿದ ಚಹಾ ಆಹಾರದಲ್ಲಿನ ಕಬ್ಬಿಣದ ಅಂಶವನ್ನು ದೇಹಕ್ಕೆ ಸರಿಯಾಗಿ ಸೇರಗೊಡುವುದಿಲ್ಲ. ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಚಹಾದೊಡನೆ ನುಂಗಬಾರದು.

ಮನೆಯ ಲೆಕ್ಕ

ದಿನಕ್ಕೆ ೩೦ ರೂಪಾಯಿಯನ್ನು ಬೀಡಿ, ತಂಬಾಕಿಗೆ ವೆಚ್ಚ ಮಾಡುವವನು ವರ್ಷಕ್ಕೆ ೧೦,೯೫೦ ರೂಪಾಯಿ ಕಳೆಯುತ್ತಾನೆ. ಮದ್ಯ ಸೇರಿದರೆ ಈ ಮೊತ್ತ ಹಲವು ಪಟ್ಟಾಗುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಕುಟುಂಬಗಳು ಗುಳೆ ಹೋಗಿ ದುಡಿದು ತಂದ ಹಣ ಹೀಗೆ ಕರಗಿದರೆ, ಮಕ್ಕಳಿಗೆ ಹಾಲೂ ಇಲ್ಲ, ಶಾಲೆಯೂ ಇಲ್ಲ. ಈ ಲೆಕ್ಕವನ್ನು ಗಂಡ ಹೆಂಡತಿ ಇಬ್ಬರೂ ಒಂದು ರಾತ್ರಿ ಕುಳಿತು ಬರೆದು ನೋಡಿರಿ.

ಬಿಡಿಸುವುದು ಹೇಗೆ?

ಚಟವು ರೋಗ, ಅದಕ್ಕೆ ಚಿಕಿತ್ಸೆಯಿದೆ. ಬೈದು, ಆಣೆ ಹಾಕಿಸಿ ಬಿಡಿಸುವ ಯತ್ನ ಬಹುಕಾಲ ನಿಲ್ಲುವುದಿಲ್ಲ.

೧. ಬಹಳ ವರ್ಷ, ಬಹಳವಾಗಿ ಕುಡಿದವರು ಒಮ್ಮೆಲೇ ಮನೆಯಲ್ಲಿ ಕುಡಿತ ನಿಲ್ಲಿಸಬಾರದು. ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣಾಪಾಯವಾಗಬಹುದು. ಆಸ್ಪತ್ರೆಯಲ್ಲಿಯೇ ಬಿಡಬೇಕು.

೨. ಗಾಂಜಾಕ್ಕೆ ಬಿದ್ದ ಮಗನನ್ನು ಪೊಲೀಸರ ಭಯದಿಂದ ಬಚ್ಚಿಡಬೇಡಿರಿ. ಚಿಕಿತ್ಸೆಗೆ ಬಂದವರ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಧರ್ಮ. ಸೇವನೆಗಾಗಿ ಅಥವಾ ಅಲ್ಪ ಪ್ರಮಾಣಕ್ಕಾಗಿ ಸಿಕ್ಕಿಬಿದ್ದ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ, ಅದೇ ಕಾನೂನಿನ ೬೪ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಮಾರುವವನಿಗೆ ಈ ರಕ್ಷಣೆಯಿಲ್ಲ.

೩. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಬನ್ನಿರಿ. ಹೆಚ್ಚಿನ ಚಿಕಿತ್ಸೆಗೆ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಮನಸ್ಸಿನ ತೊಂದರೆಗೆ ೧೪೪೧೬, ಮಾದಕ ವ್ಯಸನಕ್ಕೆ ೧೪೪೪೬, ತಂಬಾಕು ಬಿಡಲು ೧೮೦೦-೧೧-೨೩೫೬ ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಬಹುದು.

ಸಹೋದರ ಸಹೋದರಿಯರೆ, ಯಾವುದಕ್ಕೆ ಸೆರೆಮನೆ, ಯಾವುದಕ್ಕೆ ಪರವಾನಗಿ ಎಂಬುದನ್ನು ಕಾನೂನು ಗೊತ್ತುಮಾಡುತ್ತದೆ. ಅದನ್ನು ಪಾಲಿಸುವುದು ನಮ್ಮೆಲ್ಲರ ಕರ್ತವ್ಯ. ಆದರೆ ಹೊಸ್ತಿಲ ಒಳಗೆ ಏನು ಬರಬೇಕು, ಏನು ಬರಬಾರದು ಎಂಬುದನ್ನು ಗೊತ್ತುಮಾಡುವವರು ಪತಿ ಪತ್ನಿಯರಾದ ನೀವೇ. ಅಂಗಡಿಯಲ್ಲಿ ದೊರೆಯುತ್ತದೆಂಬ ಕಾರಣಕ್ಕೆ ಯಾವುದನ್ನೂ ನಿರಪಾಯವೆಂದು ನಂಬಬೇಡಿರಿ, ಗಿಡದಲ್ಲಿ ಬೆಳೆಯುತ್ತದೆಂಬ ಕಾರಣಕ್ಕೆ ಯಾವುದನ್ನೂ ಪವಿತ್ರವೆಂದು ತಿಳಿಯಬೇಡಿರಿ. ನಿಮ್ಮ ಮಕ್ಕಳು ಮನೆಯಲ್ಲಿ ಕಾಣುವುದನ್ನೇ ಕಲಿಯುತ್ತಾರೆ.