ಎಲೆಯಿಂದ ಗಿಡ: ಸಾಲ ತೆಗೆಯುವ ಮೊದಲು

(ಜೊಯಿಡಾದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತು)



ಗಣೇಶಗುಡಿ, ದಾಂಡೇಲಿ ಕಡೆ ರೆಸಾರ್ಟ್, ಹೋಮ್‌ಸ್ಟೇಗಳು ಹೆಚ್ಚಾಗಿವೆ. ಅವರಿಗೆ ಚಂದದ ಎಲೆಯ ಗಿಡಗಳನ್ನು ಬೆಳೆಸಿ ಮಾರಬಹುದಲ್ಲ, ಒಂದು ಎಲೆ ಕತ್ತರಿಸಿ ನೆಟ್ಟರೆ ಗಿಡ ಬರುತ್ತದಂತೆ, ಸಂಘದಿಂದ ಸಾಲ ತೆಗೆಯೋಣವೇ ಎಂದು ಕೆಲವರು ಕೇಳಿದ್ದೀರಿ. ಗಿಡ ಬರುತ್ತದೆ, ನಿಜ. ಆದರೆ ಎಲ್ಲಾ ಎಲೆಯಿಂದಲೂ ಬರುವುದಿಲ್ಲ, ಬೇಗನೂ ಬರುವುದಿಲ್ಲ.

ಗೆಡ್ಡೆ-ಗೆಣಸಿನ ವಿಷಯ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನೆಡುವಾಗ ಕಣ್ಣು ನೋಡಿ ನೆಡುತ್ತೀರಿ. ಹಳಿಯಾಳದವರು ಕಬ್ಬಿಗೂ ಕಣ್ಣು ನೋಡುತ್ತಾರೆ. ಮನಿ ಪ್ಲಾಂಟ್, ಕ್ರೋಟನ್ ಕೂಡ ಹಾಗೆಯೇ. ಬರೀ ಎಲೆಯನ್ನು ನೀರಿನಲ್ಲಿಟ್ಟರೆ ಬೇರು ಬಿಟ್ಟೀತು, ಆದರೆ ಚಿಗುರು ಬರುವುದಿಲ್ಲ. ಗಣ್ಣಿರುವ ಕಾಂಡದ ತುಂಡೇ ಬೇಕು. ಎಲೆಯಿಂದಲೇ ಹೊಸ ಕಣ್ಣು ಹುಟ್ಟಿಸುವ ಗಿಡಗಳು ಕೆಲವೇ. ಕಾಡುಬಸಳೆಯ ಬಿದ್ದ ಎಲೆಯ ಅಂಚಿನಲ್ಲಿ ಮರಿ ಏಳುವುದನ್ನು ನೋಡಿದ್ದೀರಲ್ಲ? ಮಾರುವ ಗಿಡಗಳಲ್ಲಿ ಸ್ನೇಕ್ ಪ್ಲಾಂಟ್, ರೆಕ್ಸ್ ಬಿಗೋನಿಯಾ, ಝೀಝೀ ಪ್ಲಾಂಟ್ ಹೀಗೆ ಎಲೆಯಿಂದ ಬರುತ್ತವೆ.

ಸ್ನೇಕ್ ಪ್ಲಾಂಟಿನ ಬಲಿತ ಎಲೆಯನ್ನು ಮೂರು-ನಾಲ್ಕು ಅಂಗುಲದ ತುಂಡುಗಳಾಗಿ ಕೊಯ್ಯಿರಿ. ಬುಡದ ಕಡೆ ಓರೆಯಾಗಿ ಕೊಯ್ದರೆ ಗುರುತು ಸಿಗುತ್ತದೆ; ತಲೆಕೆಳಗಾಗಿ ಊರಿದರೆ ಕೆಲಸ ಕೆಟ್ಟಿತು. ಎರಡು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿ, ತೊಳೆದ ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ, ಒಂದು ಅಂಗುಲ ಊರಿ. ನೀರು ಸ್ವಲ್ಪವೇ ಸಾಕು. ನಮ್ಮ ಜುಲೈ ಮಳೆಗೆ ಅಂಗಳದಲ್ಲಿಟ್ಟರೆ ಕೊಳೆಯುವುದು ಗ್ಯಾರಂಟಿ. ಮಳೆ ಇಳಿದ ಮೇಲೆ ಸೂರಿನ ಕೆಳಗಿಡಿ.

ಒಂದು ಮಾತು ಗಮನವಿಟ್ಟು ಕೇಳಿ. ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಜನ ಇಷ್ಟಪಟ್ಟು ಕೊಳ್ಳುತ್ತಾರೆ. ಆದರೆ ಅದರ ಎಲೆ ತುಂಡಿನಿಂದ ಬರುವ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಅಂಚು ಬೇಕಾದರೆ ತಾಯಿಗಿಡದ ಬುಡದಿಂದಲೇ ಬೇರು ಸಮೇತ ಮರಿ ಬೇರ್ಪಡಿಸಬೇಕು. ತಾಯಿಗಿಡ ತೋರಿಸಿ, ಎಲೆಯಿಂದ ಬಂದ ಮರಿಗೂ ಅದೇ ಬೆಲೆ ಹೇಳಿದರೆ ಅದು ಮೋಸವೇ. ಗೊತ್ತಿಲ್ಲದೆ ಮಾಡಿದರೂ ಹೆಸರು ಕೆಡುವುದು ಇಡೀ ಸಂಘದ್ದು.

ರೆಕ್ಸ್ ಬಿಗೋನಿಯಾ ಮೂಲದಲ್ಲಿ ಅಸ್ಸಾಂ ಕಡೆಯ ಕಾಡಿನದು. ಎಲೆಯನ್ನು ಮಗುಚಿ ದಪ್ಪ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಕೊಯ್ದು, ನೇರ ಮಾಡಿ ಒದ್ದೆ ಮರಳಿನ ಮೇಲೆ ಹಾಸಿ. ಏಳದಂತೆ ಸಣ್ಣ ಕಲ್ಲಿಡಿ. ಮೇಲೊಂದು ಪ್ಲಾಸ್ಟಿಕ್ ಮುಚ್ಚಿ, ಬಿಸಿಲು ತಾಗಿಸಬೇಡಿ. ಕೊಯ್ದ ಕಡೆ ಮರಿ ಏಳುತ್ತವೆ. ಝೀಝೀ ಪ್ಲಾಂಟಿಗೆ ತಾಳ್ಮೆ ಬೇಕು. ಒಂದೊಂದು ಎಲೆ ಊರಿದರೆ ಮೊದಲು ಮಣ್ಣಿನೊಳಗೆ ಸಣ್ಣ ಗೆಡ್ಡೆ ಕಟ್ಟುತ್ತದೆ. ಮೇಲಿನ ಎಲೆ ಒಣಗಿತೆಂದು ಎಸೆಯಬೇಡಿ, ಕೆಳಗೆ ಕೆದಕಿ ನೋಡಿ. ಕೆಸುವಿನ ಹಾಗೆ ತುರಿಕೆಯ ಗುಣ ಇದಕ್ಕೂ ಇದೆ, ಮಕ್ಕಳ ಬಾಯಿಗೆ ಹೋಗದಿರಲಿ.

ಇನ್ನು ಸಾಲದ ಮಾತು. ಕಂತು ಮುಂದಿನ ತಿಂಗಳೇ ಶುರುವಾಗುತ್ತದೆ. ಎಲೆಗೆ ಬೇರು ಬರಲು ಒಂದೆರಡು ತಿಂಗಳು, ಚಿಗುರಿಗೆ ಮತ್ತೆ ಕೆಲವು ತಿಂಗಳು, ಕುಂಡ ತುಂಬಿ ಮಾರುವ ಹಾಗಾಗಲು ವರ್ಷವೇ ಹಿಡಿದೀತು. ಅಷ್ಟರಲ್ಲಿ ಎಷ್ಟು ಕಂತು ಬಂತು, ನೀವೇ ಲೆಕ್ಕ ಹಾಕಿ. ಗಿಡ ಮಾರಿ ಕಟ್ಟುತ್ತೇನೆ ಅಂದವರು ಕೂಲಿ ಹಣದಲ್ಲಿ ಕಟ್ಟಬೇಕಾಗುತ್ತದೆ. ಆದ್ದರಿಂದ ಮೊದಲ ವರ್ಷ ಇದಕ್ಕೆ ಸಾಲ ಬೇಡ ಎಂಬುದೇ ನನ್ನ ಅಭಿಪ್ರಾಯ. ಶೇಡ್‌ನೆಟ್ಟೂ ಬೇಡ. ಹಳೆಯ ಡಬ್ಬಿ, ಹಾಲಿನ ಪ್ಯಾಕೆಟ್ಟು ಸಾಕು.

ಹಾಗೆಂದು ಬೇಗ ಆಗಲಿ ಅಂತ ಕಾಡಿನ ಬಿಗೋನಿಯಾ, ಸೀತಾಳೆ ದಂಡೆ ಕಿತ್ತು ತರಬೇಡಿ. 2007ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಕೇಸಾದರೆ ಅಲೆಯುವವರು ನೀವೇ.

ಮುಂದಿನ ಸಭೆಗೆ ಪ್ರತಿ ಸಂಘದವರು ಒಂದು ಡಬ್ಬಿ ಮರಳು, ಬಿಸಿನೀರಿನಲ್ಲಿ ತೊಳೆದ ಬ್ಲೇಡು ತನ್ನಿ. ಎಲೆ ನಾನು ತರುತ್ತೇನೆ. ಊರಿದ ತಾರೀಕು, ಚಿಗುರಿದ ತಾರೀಕು ಎರಡನ್ನೂ ಠರಾವು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ.