ತಪ್ಪು ಬಚ್ಚಿಡದ ಸಂಘ

ಭಾಷಣ ಯಾವಾಗ ಮುಗಿದೀತು, ಮಳಿಗೆ ಯಾವಾಗ ತೆರೆದೀತು ಎಂದು ಪೆಂಡಾಲಿನ ಹಿಂದೆ ಕಾಯುತ್ತ ನಿಂತ ಹುಡುಗ-ಹುಡುಗಿಯರೇ, ಸ್ವಲ್ಪ ತಾಳಿ.

ವಿದ್ಯುತ್ತು ಮತ್ತು ಉದ್ಯೋಗದ ಈ ಪ್ರದರ್ಶನವನ್ನು ಉದ್ಘಾಟಿಸಿ, ಅಣುವಿದ್ಯುತ್ ಉದ್ಯಮದವರು ದೇಶಮಟ್ಟದಲ್ಲಿ ಸಂಘ ಕಟ್ಟಿಕೊಂಡರೆ ಅದು ಏನು ಮಾಡಬೇಕು ಎಂಬುದರ ಮೇಲೆ ನಾಲ್ಕು ಮಾತಾಡಿ ಎಂದು ಸಂಘಟಕರು ಕೇಳಿದರು. ಮಾಡಗ್ಯಾಳ ಕುರಿ, ಜೋಳ, ದಾಳಿಂಬೆಯ ಜತ್ತ ತಾಲೂಕಿಗೆ ಅಣುವಿನ ಉಸಾಬರಿ ಯಾಕೆ ಎಂದು ನಿಮ್ಮಲ್ಲಿ ಕೆಲವರಾದರೂ ಅಂದುಕೊಂಡಿರುತ್ತೀರಿ. ನಮ್ಮ ತಾಲೂಕಿನಲ್ಲಿ ನೀರೆಂದರೆ ಕರೆಂಟು, ಅದಕ್ಕೆ. ಮ್ಹೈಸಾಳದಲ್ಲಿ ಕೃಷ್ಣೆಯಿಂದ ಎತ್ತಿದ ನೀರು ಹಂತ ಹಂತವಾಗಿ ಮೇಲೇರಿ ಇಲ್ಲಿಗೆ ಬರಬೇಕು. ನಡುವೆ ಎಲ್ಲಿ ಪಂಪು ನಿಂತರೂ ತುದಿಯಲ್ಲಿರುವ ನಾವು ಮೊದಲು ಒಣಗುತ್ತೇವೆ. ಕರೆಂಟಿನ ಬಿಲ್ಲು ಬಾಕಿ ಉಳಿದು ಪಂಪು ನಿಂತದ್ದನ್ನೂ ಕಂಡವರು ನಾವು. ಆ ಕರೆಂಟನ್ನು ಯಾರು ಹುಟ್ಟಿಸುತ್ತಾರೆ, ಹೇಗೆ ಹುಟ್ಟಿಸುತ್ತಾರೆ, ಎಷ್ಟಕ್ಕೆ ಮಾರುತ್ತಾರೆ ಎಂದು ಕೇಳುವ ಹಕ್ಕು ನಮಗಿಲ್ಲದೆ ಮತ್ಯಾರಿಗಿದೆ?

ಇನ್ನೊಂದು ಕಾರಣ ನಮ್ಮ ಜಿಲ್ಲೆಯ ಕಿರ್ಲೋಸ್ಕರವಾಡಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದ ಆ ಬರಡು ಜಾಗದಲ್ಲಿ ಕಾರ್ಖಾನೆ ಹೂಡಿದರು. ಅವರು ಕಬ್ಬಿಣದ ನೇಗಿಲು ಮಾಡಿದಾಗ ಕಬ್ಬಿಣ ಸೋಂಕಿದರೆ ಹೊಲಕ್ಕೆ ವಿಷ ಏರುತ್ತದೆ ಎಂದು ರೈತರು ಕೊಳ್ಳಲಿಲ್ಲವಂತೆ. ಅದೇ ಮನೆತನದ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿ ಮುಂದೆ ಕಲ್ಪಾಕ್ಕಂನ 500 ಮೆಗಾವ್ಯಾಟ್ ಫಾಸ್ಟ್ ಬ್ರೀಡರ್ ರಿಯಾಕ್ಟರಿಗೆ ಸೋಡಿಯಂ ಪಂಪು ಮಾಡಿಕೊಟ್ಟಿತು. ನಮ್ಮ ಬಾವಿಯ ಪಂಪು ನೀರು ಎತ್ತುತ್ತದೆ. ಆ ಸೋಡಿಯಂ ಪಂಪು ಸುಮಾರು 400 ಡಿಗ್ರಿ ಕಾದ, ನೀರು ತಗುಲಿದರೆ ಹೊತ್ತಿಕೊಳ್ಳುವ, ಕರಗಿದ ಲೋಹವನ್ನು ತಳ್ಳಬೇಕು. ಅಂಥ ಪಂಪಿನ ಒಂದು ಬೋಲ್ಟು ಯಾವ ಎರಕದಿಂದ ಬಂತು, ಯಾರು ಕಡೆದರು, ಯಾರು ಪರೀಕ್ಷಿಸಿದರು ಎಂಬ ಕಾಗದ ಬೋಲ್ಟಿಗಿಂತ ದಪ್ಪ ಇರುತ್ತದೆ. ನಾನೂ ಲೇಥು ಮಶೀನಿನ ಸದ್ದಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಎರಕದ ಗುರುತಿನ ಹೀಟ್ ನಂಬರ್ ತಪ್ಪಿ ಬರೆದದ್ದಕ್ಕೆ ಚೆಂದದ ಮಾಲು ವಾಪಸು ಬಂದಾಗ ಇನ್‌ಸ್ಪೆಕ್ಟರನ ಮೇಲೆ ಬರುವ ಸಿಟ್ಟು ನನಗೆ ಗೊತ್ತು. ಇನ್‌ಸ್ಪೆಕ್ಟರನೇ ಸರಿ ಎಂದು ಒಪ್ಪಿಕೊಳ್ಳಲು ಹಿಡಿಯುವ ಕಾಲವೂ ಗೊತ್ತು.

ಇಷ್ಟು ದಿನ ಈ ಉದ್ಯಮಕ್ಕೆ ಬಲವಾದ ಸಂಘದ ಅಗತ್ಯ ಅಷ್ಟಾಗಿ ಬೀಳಲಿಲ್ಲ, ಯಾಕೆಂದರೆ ಯಜಮಾನ ಒಬ್ಬನೇ. 1962ರ ಅಣುಶಕ್ತಿ ಕಾಯ್ದೆಯ ಪ್ರಕಾರ ಸ್ಥಾವರ ನಡೆಸುತ್ತಿದ್ದದ್ದು ಕೇಂದ್ರ ಸರಕಾರ ಅಥವಾ ಅದರ ಕಂಪನಿ. 1987ರಿಂದ ಆ ಕೆಲಸ ಎನ್‌ಪಿಸಿಐಎಲ್ ಎಂಬ ಸರಕಾರಿ ಕಂಪನಿಯದು. 1974ರ ಪೋಖರಣ್ ಸ್ಫೋಟದ ನಂತರ ಕೆನಡಾ ಕೈಬಿಟ್ಟಾಗ ಎಲ್ ಆ್ಯಂಡ್ ಟಿ, ವಾಲಚಂದನಗರ, ಬಿಎಚ್‌ಇಎಲ್‌ನಂಥವರು ಭಾಗಗಳನ್ನು ಇಲ್ಲೇ ಮಾಡಲು ಕಲಿತರು. ಕೊಳ್ಳುವವ ಒಬ್ಬ, ಮಾರುವವರು ಹತ್ತಾರು ಮಂದಿ. ಅಹವಾಲು ಹೇಳಬೇಕೆಂದರೆ ಮುಂಬೈಗೆ ಹೋಗಿ ಒಂದೇ ಬಾಗಿಲು ತಟ್ಟಿದರೆ ಮುಗಿಯಿತು. ಫಿಕ್ಕಿ, ಸಿಐಐನಂಥ ದೊಡ್ಡ ಒಕ್ಕೂಟಗಳ ಸಮಿತಿಗಳು ಉಳಿದ ಮಾತುಕತೆ ನೋಡಿಕೊಂಡವು.

ಈಗ ಕಾಯ್ದೆಯೇ ಬದಲಾಗಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ‘ಶಾಂತಿ’ ಕಾಯ್ದೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಆ ಕಾಯ್ದೆ ಬಂದಾಗ ದೇಶದಲ್ಲಿದ್ದ ಅಣುವಿದ್ಯುತ್ ಸಾಮರ್ಥ್ಯ ಸುಮಾರು 8,800 ಮೆಗಾವ್ಯಾಟ್. 2047ಕ್ಕೆ ಅದನ್ನು ಒಂದು ಲಕ್ಷ ಮೆಗಾವ್ಯಾಟ್ ಮಾಡುತ್ತೇವೆ ಎಂಬುದು ಸರಕಾರದ ಗುರಿ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ನೀವು ಗಮನಿಸಬೇಕು. ಸರಕಿನಲ್ಲಿ ದೋಷವಿದ್ದು ಅಪಘಾತವಾದರೆ ಪೂರೈಸಿದವನಿಂದ ವಸೂಲಿ ಮಾಡುವ ಹಕ್ಕನ್ನು 2010ರ ಕಾಯ್ದೆ ಸ್ಥಾವರದವರಿಗೆ ಕೊಟ್ಟಿತ್ತು. ಆ ಕಲಮಿಗೆ ಹೆದರಿ ಹೊರದೇಶದ ಕಂಪನಿಗಳೂ ನಮ್ಮ ಸಣ್ಣ ವರ್ಕ್‌ಶಾಪಿನವರೂ ಹಿಂದೆ ಸರಿದದ್ದು ನಿಜ. ಹೊಸ ಕಾಯ್ದೆಯಲ್ಲಿ ಆ ಕಲಮು ಇಲ್ಲ. ಕರಾರಿನಲ್ಲಿ ಬರೆದುಕೊಂಡಿದ್ದರೆ, ಇಲ್ಲವೇ ಬೇಕೆಂದೇ ಹಾನಿ ಮಾಡಿದ್ದರೆ ಮಾತ್ರ ವಸೂಲಿ. ಕಾಯ್ದೆಯ ಹೆದರಿಕೆ ಇಳಿದಷ್ಟೂ ಉದ್ಯಮದವರ ಸ್ವಂತ ಶಿಸ್ತು ಏರಬೇಕು. ಆ ಶಿಸ್ತು ತರುವವರು ಯಾರು? ನನ್ನ ಲೆಕ್ಕದಲ್ಲಿ ಸಂಘ ಬೇಕಾಗಿರುವುದು ಇದಕ್ಕೇ.

ಇಂಥ ಸಂಘಗಳು ಬೇರೆ ದೇಶಗಳಲ್ಲಿ ಹಳೆಯವು. ಜಪಾನಿನಲ್ಲಿ 1956ರಿಂದಲೇ ಇದೆ, ಬ್ರಿಟನ್ನಿನಲ್ಲಿದೆ, ಅಮೆರಿಕದಲ್ಲಿದೆ. ಸರಕಾರದ ಮುಂದೆ ಉದ್ಯಮದ ಪರ ಮಾತಾಡುವುದು, ಮೇಳ ಮಾಡುವುದು, ಹುಡುಗರಿಗೆ ತರಬೇತಿ ಕೊಡಿಸುವುದು, ಪತ್ರಿಕೆಯವರಿಗೆ ಉತ್ತರ ಹೇಳುವುದು ಅವುಗಳ ಕೆಲಸ. ಇದರಲ್ಲಿ ಕೆಟ್ಟದ್ದೇನಿಲ್ಲ, ಗಿರಣಿಯವರ ಸಂಘವೂ ಅದನ್ನೇ ಮಾಡುತ್ತದೆ. ಆದರೆ ಅಣುವಿನ ವಿಷಯದಲ್ಲಿ ಅಷ್ಟೇ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಫುಕುಶಿಮಾ ಸಾಕ್ಷಿ. 2011ರ ಆ ದುರಂತವನ್ನು ವಿಚಾರಿಸಲು ಜಪಾನಿನ ಸಂಸತ್ತು ನೇಮಿಸಿದ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಇದು ಸುನಾಮಿಯೊಂದರದೇ ಕೆಲಸವಲ್ಲ, ಮನುಷ್ಯರು ಮಾಡಿಕೊಂಡ ಅನಾಹುತ ಎಂದಿತು. ವಿದ್ಯುತ್ ಕಂಪನಿಗಳು ತಮ್ಮ ಒಕ್ಕೂಟದ ಮೂಲಕ ಒತ್ತಡ ಹಾಕಿ ಸುರಕ್ಷತೆಯ ನಿಯಮಗಳನ್ನು ಮುಂದೂಡಿಸಿದವು, ಸಡಿಲ ಮಾಡಿಸಿದವು ಎಂದೂ ಬರೆಯಿತು. ಆ ಒಕ್ಕೂಟ ತನ್ನ ಸದಸ್ಯರ ಕೆಲಸವನ್ನು ಬಹಳ ಚೆನ್ನಾಗಿಯೇ ಮಾಡಿತ್ತು, ನೋಡಿ!

ಅಮೆರಿಕದವರು ಬೇರೆ ದಾರಿ ಹಿಡಿದರು. 1979ರ ಮಾರ್ಚಿನಲ್ಲಿ ತ್ರೀ ಮೈಲ್ ಐಲ್ಯಾಂಡ್ ಅಪಘಾತವಾಯಿತು. ಅದೇ ವರ್ಷ ಮುಗಿಯುವಷ್ಟರಲ್ಲಿ ಸ್ಥಾವರ ನಡೆಸುವ ಕಂಪನಿಗಳು ತಾವೇ ಸೇರಿ ಇನ್ಪೋ ಎಂಬ ಸಂಸ್ಥೆ ಕಟ್ಟಿದವು. ಒಬ್ಬರ ಸ್ಥಾವರಕ್ಕೆ ಇನ್ನೊಬ್ಬರ ಕಡೆಯ ಪಳಗಿದ ಎಂಜಿನಿಯರುಗಳು ಹೋಗಿ ಮೂಲೆ ಮೂಲೆ ನೋಡುತ್ತಾರೆ, ಅಂಕ ಹಾಕುತ್ತಾರೆ. ಅಂಕ ಕಮ್ಮಿಯಾದರೆ ವಿಮೆಯ ಕಂತು ಏರುತ್ತದೆ. ಉದ್ಯಮದ ಪರ ಮಾತಾಡುವ ಸಂಘವನ್ನು ಅವರು ಬೇರೆಯೇ ಇಟ್ಟರು. ಹೊಗಳುವವರು ಒಂದು ಕಡೆ, ಹುಳುಕು ಹುಡುಕುವವರು ಇನ್ನೊಂದು ಕಡೆ. ಚೆರ್ನೋಬಿಲ್ ಅಪಘಾತ ಆದ ಮೇಲೆ 1989ರಲ್ಲಿ ಇದೇ ಮಾದರಿಯಲ್ಲಿ ಜಗತ್ತಿಗೆಲ್ಲ ಸೇರಿ ವಾನೋ ಹುಟ್ಟಿತು. ನಮ್ಮ ಎನ್‌ಪಿಸಿಐಎಲ್ ಕೂಡ ಅದರ ಸದಸ್ಯ. ಆದರೆ ವಾನೋ ಇರುವುದು ಸ್ಥಾವರ ನಡೆಸುವವರಿಗೆ. ಬೋಲ್ಟು, ವಾಲ್ವು, ಕೇಬಲ್ಲು, ಎರಕ ಮಾಡುವವರಿಗೆ ಅಂಥದ್ದು ಏನಿದೆ?

ಅಂಥದ್ದು ಇಲ್ಲದಿದ್ದರೆ ಒಬ್ಬನ ತಪ್ಪಿಗೆ ಎಲ್ಲರೂ ಬೆಲೆ ತೆರಬೇಕಾಗುತ್ತದೆ. ಹಾಗೆಂದರೆ ಏನೆಂದು ದ್ರಾಕ್ಷಿ ಬೆಳೆಯುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ. 2010 ನೆನಪಿದೆಯಲ್ಲ? ನೀವು ಸಿಸಿಸಿ ಎಂದು ಕರೆಯುವ ಔಷಧದ ಅಂಶ ಹಣ್ಣಿನಲ್ಲಿ ಸಿಕ್ಕಿತೆಂದು ಯುರೋಪಿನ ಬಂದರುಗಳಲ್ಲಿ ನಮ್ಮ ಕಂಟೇನರುಗಳು ನಿಂತವು. ಹೊಡೆದವನ ಹಣ್ಣೂ ನಿಂತಿತು, ಹೊಡೆಯದವನ ಹಣ್ಣೂ ನಿಂತಿತು. ಆಮೇಲೆ ದ್ರಾಕ್ಷ ಬಾಗಾಯತದಾರರು ಔಷಧದ ಲೆಕ್ಕ, ಲ್ಯಾಬಿನ ವರದಿ, ತೋಟದ ನೋಂದಣಿ ಎಂದು ಮೊದಲಿಗಿಂತ ಬಿಗಿಯಾದರು. ಅಣುಸ್ಥಾವರದಲ್ಲಿ ಅಂಥ ಒಂದು ಪಾಠಕ್ಕೆ ತೆರುವ ಬೆಲೆ ಒಂದು ಹಂಗಾಮಿನ ಬೆಳೆಗೆ ನಿಲ್ಲುವುದಿಲ್ಲ.

ನರೋರಾದ ಕತೆ ಕೇಳಿ. ಉತ್ತರ ಪ್ರದೇಶದ ಆ ಸ್ಥಾವರದಲ್ಲಿ 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನಿನ ಎರಡು ಬ್ಲೇಡು ಮುರಿದವು. ಮಶೀನು ಅದುರಿ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಕೇಬಲ್ಲು ಸುಟ್ಟವು, ಸುಮಾರು 17 ತಾಸು ಸ್ಥಾವರಕ್ಕೇ ಕರೆಂಟಿರಲಿಲ್ಲ. ಅಲ್ಲಿಯ ಕೆಲಸಗಾರರು ಬ್ಯಾಟರಿ ಹಿಡಿದು ಕತ್ತಲಲ್ಲಿ ಹತ್ತಿ ಬೋರಾನ್ ದ್ರಾವಣ ಬಿಟ್ಟು ರಿಯಾಕ್ಟರು ಮತ್ತೆ ಹೊತ್ತಿಕೊಳ್ಳದಂತೆ ನೋಡಿಕೊಂಡರು. ವಿಕಿರಣ ಹೊರಗೆ ಬರಲಿಲ್ಲ. ಅವರ ಹೆಸರನ್ನು ನಾವು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ, ಇರಲಿ. ನನ್ನನ್ನು ಕಾಡುವ ಭಾಗ ಬೇರೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಆಮೇಲೆ ಬರೆದರು: ಆ ಮಾದರಿಯ ಬ್ಲೇಡುಗಳಲ್ಲಿ ಬಿರುಕು ಬರುತ್ತದೆ ಎಂಬ ಎಚ್ಚರಿಕೆ 1989ರಲ್ಲೇ ವಿದೇಶದ ಮೂಲ ಕಂಪನಿಯಿಂದ ಇಲ್ಲಿಯ ತಯಾರಕರಿಗೆ ಬಂದಿತ್ತು. ಹೊಸ ಡ್ರಾಯಿಂಗೂ ತಯಾರಾಗಿತ್ತು. ಬ್ಲೇಡು ಬದಲಾದದ್ದು ಬೆಂಕಿ ಬಿದ್ದ ಮೇಲೆ. ಎಚ್ಚರಿಕೆಯ ಕಾಗದ ಕೆಲಸವಾಗಿ ಬದಲಾಗದೆ ಮೇಜಿನ ಮೇಲೇ ಕೂತಿತ್ತು.

ಸಂಘ ಎಂದರೆ ನನಗೆ ಬೇಕಾದದ್ದು ಆ ಕಾಗದವನ್ನು ಓಡಿಸುವವರು. ಕಾರವಾರದ ಹತ್ತಿರದ ಕೈಗಾ ಸ್ಥಾವರದಲ್ಲಿ ಒಂದು ವಾಲ್ವು ಸೋರಿದರೆ ಅಂಥದೇ ವಾಲ್ವು ಮಾಡುವ ಪ್ರತಿ ವರ್ಕ್‌ಶಾಪಿಗೆ ವಾರದೊಳಗೆ ಗೊತ್ತಾಗಬೇಕು. ತಪ್ಪು ತಾನಾಗಿ ಹೇಳಿಕೊಂಡ ಸದಸ್ಯನಿಗೆ ಮುಂದಿನ ಟೆಂಡರಿನಲ್ಲಿ ಶಿಕ್ಷೆಯಾಗಬಾರದು. ಬಚ್ಚಿಟ್ಟು ಸಿಕ್ಕಿಬಿದ್ದವನಿಗೆ ಟೆಂಡರೇ ಸಿಗಬಾರದು. ಇಷ್ಟು ಮಾಡುವ ಎದೆಗಾರಿಕೆ ಇದ್ದರೆ ಆಮೇಲೆ ದೆಹಲಿಗೆ ಹೋಗಿ ಸುಂಕ ಇಳಿಸಿ, ಸಾಲ ಕೊಡಿ ಎಂದು ಕೇಳಲಿ, ನಾನೂ ಕೈ ಎತ್ತುತ್ತೇನೆ.

ಸಣ್ಣವರ ಮಾತೂ ಬರಲೇಬೇಕು. ಕುಪವಾಡದ, ಮಿರಜಿನ ಎಂಐಡಿಸಿಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಹತ್ತಿಪ್ಪತ್ತು ಜನರ ಫೌಂಡ್ರಿ, ಮಶೀನ್ ಶಾಪುಗಳಿವೆ. ಅವರಿಗೆ ಅಣುಸ್ಥಾವರದ ಕೆಲಸವೆಂದರೆ ಹೆಸರು ದೊಡ್ಡದು, ಬಿಲ್ಲು ತಡ. ಬ್ಯಾಂಕ್ ಗ್ಯಾರಂಟಿಯಲ್ಲಿ ದುಡ್ಡು ಸಿಕ್ಕಿಬೀಳುತ್ತದೆ, ಪರೀಕ್ಷೆಗೆ ತುಂಡನ್ನು ದೂರದ ಲ್ಯಾಬಿಗೆ ಕಳಿಸಬೇಕು. ದೆಹಲಿಯ ಪಂಚತಾರಾ ಹೋಟೆಲಿನಲ್ಲಿ ನಡೆಯುವ ಸಭೆಗೆ ಇವರಲ್ಲಿ ಯಾರು ಹೋಗುತ್ತಾರೆ? ಸಂಘದ ವರ್ಗಣಿ ವಹಿವಾಟಿಗೆ ತಕ್ಕಂತೆ ಇರಲಿ, ಮತ ಮಾತ್ರ ಎಲ್ಲರಿಗೂ ಒಂದೊಂದೇ ಇರಲಿ. ಗುಣಮಟ್ಟದ ಕೈಪಿಡಿ ಮರಾಠಿಯಲ್ಲೂ ಕನ್ನಡದಲ್ಲೂ ಬರಲಿ. ವೆಲ್ಡಿಂಗ್ ಮಾಡುವ ಹುಡುಗ ಇಂಗ್ಲಿಷಿನ ಕಾಗದಕ್ಕೆ ಓದದೇ ಸಹಿ ಹಾಕುವುದು ನನ್ನ ಕಣ್ಣಾರೆ ಕಂಡ ಅಪಾಯ.

ಕೊನೆಯದಾಗಿ ಊರವರ ಮಾತು. ಇಲ್ಲಿಯ ಮಕ್ಕಳು ಕೈಗಾ ಸ್ಥಾವರದ ಮಾದರಿ ಮಾಡಿದ್ದಾರೆ, ಒಳಗೆ ನೋಡುತ್ತೀರಿ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ನಿಲ್ಲದೆ 962 ದಿನ ಓಡಿ ಆಗಿನ ಜಗತ್ತಿನ ದಾಖಲೆ ಮಾಡಿತು, ಮಕ್ಕಳು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಅದೇ ಘಟಕದ ಗುಮ್ಮಟದ ಒಳಪದರ ಕಟ್ಟುತ್ತಿರುವಾಗಲೇ 1994ರ ಮೇ 13ರಂದು ಕುಸಿದಿತ್ತು. ಅದನ್ನೂ ಬರೆಯಿರಿ ಎಂದು ಮಕ್ಕಳಿಗೆ ಹೇಳಿದ್ದೇನೆ. ಕೈಗಾ ಬೇಡವೆಂದು ಶಿವರಾಮ ಕಾರಂತರು ಹೋರಾಡಿದರು, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತು ಸೋತರು. ನಮ್ಮ ರಾಜ್ಯದ ಜೈತಾಪುರದಲ್ಲಿ ಮೀನುಗಾರರೂ ಮಾವಿನ ತೋಟದವರೂ ವರ್ಷಗಟ್ಟಲೆ ಬೀದಿಗಿಳಿದರು. ಇವರನ್ನೆಲ್ಲ ಕಬ್ಬಿಣದ ನೇಗಿಲಿಗೆ ಹೆದರಿದ ರೈತರ ಸಾಲಿಗೆ ಸೇರಿಸಿ ನಗುವುದು ಸುಲಭ. ಆದರೆ ನೇಗಿಲು ಸರಿಬರದಿದ್ದರೆ ಕೊಟ್ಟಿಗೆಯಲ್ಲಿ ಒಗೆಯಬಹುದಿತ್ತು, ರಿಯಾಕ್ಟರನ್ನು ಎಲ್ಲಿ ಒಗೆಯುತ್ತೀರಿ? ಕಾರಂತರಂಥವರು ಕೇಳಿದ್ದಕ್ಕೆ ಕಾಗದ ತೆಗೆದು ತೋರಿಸಿ ಉತ್ತರಿಸುವ ಸಂಘವಾದರೆ ಅದರ ಮಾತನ್ನು ಊರು ಕೇಳೀತು. ಬಣ್ಣದ ಪುಸ್ತಿಕೆ ಹಂಚುವುದಾದರೆ ಅದಕ್ಕೆ ಜಾಹೀರಾತಿನವರು ಸಾಕು.

ಒಳಗೆ ಐಟಿಐಯವರ ಮಳಿಗೆಯಲ್ಲಿ ವೆಲ್ಡಿಂಗ್ ಮಾಡಿ, ಮಾಡಿದ್ದನ್ನು ಅಲ್ಲೇ ಕತ್ತರಿಸಿ ಒಳಗಿನ ಹುಳುಕು ತೋರಿಸುತ್ತಾರೆ. ಹೆಣ್ಣುಮಕ್ಕಳೂ ಹೆಸರು ಬರೆಸಿ, ಆ ಕೆಲಸಕ್ಕೆ ತಾಳ್ಮೆಯ ಕೈ ಬೇಕು. ಪಂಪಿನ ಮಳಿಗೆಯವರಿಗೆ ಬೆಲೆ ಕೇಳುವ ಮೊದಲು ಕೆಟ್ಟರೆ ಯಾರು ಬರುತ್ತಾರೆಂದು ಕೇಳಿ. ಪ್ರದರ್ಶನ ಉದ್ಘಾಟನೆಯಾಯಿತು ಎಂದು ಹೇಳುತ್ತೇನೆ. ಹುಡುಗರೇ, ಇನ್ನು ಓಡಿ.